ಲೈಟ್ ಆರಿಸಿದ್ರೆ ರಿಪೇರಿ ಆದಂಗಲ್ಲ ಭಾವ!

ಭಾವನ ಕಾರಲ್ಲಿ ಏರ್‌ಬ್ಯಾಗ್ ಲೈಟ್, ಅದೇ ಏರ್‌ಬ್ಯಾಗಲ್ಲಿ ಏನೋ ಕೆಟ್ಟಿದೆ ಅಂತ ಎಚ್ಚರಿಸೋ ದೀಪ, ಉರೀತಾನೇ ಇತ್ತು. ಇವತ್ತು ಗ್ಯಾರೇಜಿಂದ ತಂದವರೇ "ನೋಡೋ, ಐನೂರು ರೂಪಾಯೀಲಿ ಮುಗೀತು, ನೀನು ಸುಮ್ನೆ ಹೆದರಿಸ್ತಿದ್ದೆ" ಅಂದ್ರು. ನಾನು ಕೀ ಆನ್ ಮಾಡಿ ಮೀಟರ್ ನೋಡ್ತೀನಿ, ಲೈಟ್ ಹತ್ತಲೇ ಇಲ್ಲ! ಕೀ ಆನ್ ಮಾಡಿದ ತಕ್ಷಣ ಅದು ಕೆಲವು ಸೆಕೆಂಡ್ ಹತ್ತಿ ಆಮೇಲೆ ಆರ್ಬೇಕು ಕಣ್ರೀ, ಸಿಸ್ಟಮ್ ತನ್ನನ್ನ ತಾನೇ ಚೆಕ್ ಮಾಡ್ಕೊಳ್ಳೋ ಹೊತ್ತು ಅದು. ಹತ್ತಲೇ ಇಲ್ಲ ಅಂದ್ರೆ ಆ ಗ್ಯಾರೇಜಿನ ಮಹಾನುಭಾವ ಮೀಟರ್ ಬಿಚ್ಚಿ ಲೈಟನ್ನೇ ಸಾಯ್ಸಿದಾನೆ.

ರೋಗ ಏನು ಅಂತ ಯಾರಾದ್ರೂ ನೋಡಿದ್ರಾ? ಸ್ಟೇರಿಂಗ್ ತಿರುಗಿಸಿದಾಗ ಹಾರ್ನ್ ಬಿಟ್ಟು ಬಿಟ್ಟು ಬರ್ತಿತ್ತಲ್ಲ, ಅಲ್ಲೇ ಅರ್ಧ ಉತ್ತರ ಇತ್ತು. ಸ್ಟೇರಿಂಗ್ ಕೆಳಗೆ ಸುರುಳಿ ಸುತ್ತಿದ ರಿಬ್ಬನ್ ಥರ ಕ್ಲಾಕ್ ಸ್ಪ್ರಿಂಗ್ ಇರತ್ತೆ, ಹಾರ್ನಿಗೂ ಡ್ರೈವರ್ ಏರ್‌ಬ್ಯಾಗಿಗೂ ಕರೆಂಟ್ ಹೋಗೋದು ಅದರ ಮೂಲಕವೇ, ಅದು ಕಟ್ ಆದ್ರೆ ಎರಡೂ ಹೋಯ್ತು. ಇಲ್ಲಾಂದ್ರೆ ಸೀಟ್ ಕೆಳಗಿನ ಏರ್‌ಬ್ಯಾಗ್ ವೈರಿನ ಹಳದಿ ಕನೆಕ್ಟರ್ ಲೂಸ್ ಆಗಿರತ್ತೆ, ನಮ್ಮಕ್ಕ ಛತ್ರಿ, ಚಪ್ಪಲಿ, ನೀರಿನ ಬಾಟಲಿ ಎಲ್ಲಾ ತುರುಕೋದು ಅಲ್ಲಿಗೇ. ಸ್ಕ್ಯಾನರ್ ಹಾಕಿ ಕಾರಿನ ಕಂಪ್ಯೂಟರ್ ಬರ್ದಿಟ್ಕೊಂಡಿರೋ ದೋಷದ ಕೋಡ್ ನೋಡಿದ್ರೆ ಯಾವ ಸರ್ಕ್ಯೂಟು ಅಂತ ತೋರಿಸ್ತಿತ್ತು. ಆನ್‌ಲೈನಲ್ಲಿ ಸಿಗೋ ಅಗ್ಗದ ಬ್ಲೂಟೂತ್ ಡಬ್ಬಿ ಹೆಚ್ಚಾಗಿ ಎಂಜಿನ್ ಕೋಡ್ ಅಷ್ಟೇ ಓದೋದು, ಏರ್‌ಬ್ಯಾಗ್ ಕೋಡ್ ಓದೋ ಸ್ಕ್ಯಾನರೇ ಬೇಕು. ಮಲ್ಟಿಮೀಟರ್ ಹಿಡ್ಕೊಂಡು ಏರ್‌ಬ್ಯಾಗ್ ಮುಟ್ಟೋಕೆ ಹೋಗೋ ಧೀರರಿಗೆ ದೂರದಿಂದಲೇ ನಮಸ್ಕಾರ, ಮುಖದ ಮೇಲೇ ಸಿಡೀಬಹುದು.

"ಶೋರೂಮಿಗೆ ಹೋದ್ರೆ ಸಾವಿರಗಟ್ಟಲೆ ಕೀಳ್ತಾರೆ" ಅಂತೀರಿ. ಕೀಳ್ತಾರೆ, ನಾನೇನು ಅವರ ವಕೀಲನಾ? ಆದ್ರೆ ಕೋಡ್ ನೋಡ್ಸೋಕೆ ಶೋರೂಮೇ ಬೇಕಾಗಿಲ್ಲ, ಸ್ಕ್ಯಾನರ್ ಇಟ್ಕೊಂಡಿರೋ ಗ್ಯಾರೇಜ್ ಬೇಕಾದಷ್ಟಿವೆ. "ಮೊದ್ಲೆಲ್ಲ ಏರ್‌ಬ್ಯಾಗ್ ಎಲ್ಲಿತ್ತು, ನಾವು ಬದುಕ್ಲಿಲ್ವಾ" ಅನ್ನೋ ಮಾತಂತೂ ಕೇಳಿದ್ರೇ ಮೈಯೆಲ್ಲಾ ಉರಿಯತ್ತೆ. ಬದುಕದೇ ಇದ್ದವರು ಬಂದು ಈ ಪ್ರಶ್ನೆ ಕೇಳಲ್ಲ ಭಾವ. 2019ರ ಜುಲೈಯಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಮಾಡಿದ್ದು ಮೀಟರಲ್ಲಿ ಇನ್ನೊಂದು ದೀಪ ಇರ್ಲಿ ಅಂತಾನಾ?

ಇನ್ನೂ ಖದೀಮರಿದಾರೆ. ಆಕ್ಸಿಡೆಂಟಲ್ಲಿ ಏರ್‌ಬ್ಯಾಗ್ ಸಿಡಿದು ಖಾಲಿಯಾದ ಗಾಡಿಗೆ ಎರಡು ಓಮ್‌ ಆಸುಪಾಸಿನ ಒಂದು ಪುಟಾಣಿ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡೋ ಬಿಡಿಭಾಗ) ಏರ್‌ಬ್ಯಾಗ್ ಜಾಗಕ್ಕೆ ಸಿಕ್ಕಿಸಿ ಮಾರಿಬಿಡ್ತಾರೆ, ಏರ್‌ಬ್ಯಾಗ್ ಇದೆ ಅಂತ ಕಂಪ್ಯೂಟರ್ ನಂಬತ್ತೆ, ಲೈಟ್ ನಿಯತ್ತಾಗಿ ಹತ್ತಿ ಆರತ್ತೆ. ಇಂಥವರನ್ನ ಅದೇ ಗಾಡೀಲಿ ಕೂರಿಸಿ ಗೋಡೆಗೆ ಗುದ್ದಿಸ್ಬೇಕು ಅನ್ಸತ್ತೆ.

ಭಾವ ಮುಖ ಊದಿಸ್ಕೊಂಡು ಕೂತಿದಾರೆ. ಕೂರ್ಲಿ. ಅಕ್ಕಾ, ಸೋಮವಾರ ಕಾರ್ ನಾನೇ ತಗೊಂಡ್ ಹೋಗ್ತೀನಿ, ಅಲ್ಲೀತನಕ ಮಕ್ಕಳನ್ನ ಬಸ್ಸಲ್ಲಿ ಕಳ್ಸು.