ರೋಟಾ ಲಸಿಕೆ ಬಗ್ಗೆ ಹರಿದಾಡುತ್ತಿರುವ ಮಾತು ಸುಳ್ಳು

ಮಂಜೇಶ್ವರ, ಕುಂಬಳೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ, ರೋಟಾ ವೈರಸ್ಸಿನ ಭೇದಿ ತಡೆಯಲು ಹಾಕುವ ಲಸಿಕೆಯ ಬಗ್ಗೆ ಒಂದು ಮಾತು ಓಡಾಡುತ್ತಿದೆ: “ಮಕ್ಕಳ ಬಾಯಿಗೆ ಹಾಕುವ ರೋಟಾ ಲಸಿಕೆ ಪರೀಕ್ಷೆಯೇ ಆಗದ್ದು. ಕರುಳು ಕಟ್ಟುತ್ತದೆ ಅಂತ ಅಮೆರಿಕದಲ್ಲಿ ನಿಲ್ಲಿಸಿದ್ದಾರೆ.” ಇದು ತಪ್ಪು.

ಅಲ್ಲಿ 1999ರಲ್ಲಿ ನಿಂತದ್ದು ರೋಟಾಶೀಲ್ಡ್ ಎಂಬ ಬೇರೆಯೇ ಲಸಿಕೆ. ಸುಮಾರು 10,000 ಮಕ್ಕಳಲ್ಲಿ ಒಬ್ಬರಿಗೆ ಕರುಳಿನೊಳಗೆ ಕರುಳು ಸಿಕ್ಕಿಕೊಳ್ಳುವ ತೊಂದರೆ ಕಂಡಿತ್ತು. ಇಷ್ಟು ಅಪರೂಪದ್ದು ಸಣ್ಣ ಪರೀಕ್ಷೆಯಲ್ಲಿ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ಆಮೇಲೆ ಬಂದ ರೋಟಾರಿಕ್ಸ್, ರೋಟಾಟೆಕ್ ಲಸಿಕೆಗಳನ್ನು ತಲಾ 60,000ಕ್ಕೂ ಜಾಸ್ತಿ ಶಿಶುಗಳಲ್ಲಿ ಪರೀಕ್ಷಿಸಿದರು.

ನಮ್ಮ ದೇಶದ ರೋಟಾವ್ಯಾಕ್ ದೆಹಲಿ, ಪುಣೆ, ವೆಲ್ಲೂರಿನ 6,799 ಶಿಶುಗಳಲ್ಲಿ ಪರೀಕ್ಷೆ ಮುಗಿಸಿಯೇ 2014ರಲ್ಲಿ ಪರವಾನಗಿ ಪಡೆದದ್ದು. ಬಳಕೆಗೆ ಬಂದ ಮೇಲೂ ಆಸ್ಪತ್ರೆಗಳಲ್ಲಿ ಕರುಳಿನ ತೊಂದರೆಯ ಮೇಲೆ ಕಣ್ಣಿಟ್ಟಿದ್ದರು. ಲಸಿಕೆಯಿಂದ ಅದು ಹೆಚ್ಚಾದದ್ದು ಕಾಣಲಿಲ್ಲ.

“ಹಾಕಿಸಿದ ಮೇಲೂ ಭೇದಿ ಆಯ್ತಲ್ವಾ?” ಎಂದು ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಭೇದಿಗೆ ಬೇರೆ ರೋಗಾಣುಗಳೂ ಕಾರಣ. ರೋಟಾ ವೈರಸ್ಸಿನ ಜೋರು ಭೇದಿಯನ್ನು ಈ ಲಸಿಕೆ ಮೊದಲ ವರ್ಷ ಶೇ. 56ರಷ್ಟು ತಡೆದಿದೆ. ಪೂರ್ತಿ ಅಲ್ಲ, ನಿಜ. ಆದರೆ ಎಷ್ಟೋ ಮಕ್ಕಳಿಗೆ ಡ್ರಿಪ್ ಹಾಕಿಸಿಕೊಂಡು ಮಲಗುವುದು ಈ ಲಸಿಕೆಯಿಂದ ತಪ್ಪುತ್ತದೆ.

6, 10, 14ನೇ ವಾರದಲ್ಲಿ ತಪ್ಪದೆ ಹಾಕಿಸಿ. ಮಗುವಿಗೆ ಬಿಡದೆ ವಾಂತಿ, ಮಲದಲ್ಲಿ ರಕ್ತ ಕಂಡರೆ ಮಾತ್ರ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.