ಹರ್ಷಿ ಬೇರ್ಸ್ ಮತ್ತು ‘ಮೈನರ್’ ಎಂಬ ಆ ಒಂದು ಮಾತು

ಮೊನ್ನೆ ಸಂಕ್ರಾಂತಿಯಂದು ಗೆಳೆಯರೊಬ್ಬರ ಮನೆಯಲ್ಲಿ ಎಳ್ಳು-ಬೆಲ್ಲ ತಿನ್ನುತ್ತ ಕುಳಿತಿದ್ದಾಗ, 2025ರ ಜನವರಿ 5ರ ಪಂದ್ಯದಲ್ಲಿ ನಾನೇ ತೆಗೆದ ವಿಡಿಯೊವನ್ನು ಎಲ್ಲರಿಗೂ ತೋರಿಸಿದೆ. ಐಸ್ ಹಾಕಿಯ ಹರ್ಷಿ ಬೇರ್ಸ್ ತಂಡ ಮೊದಲ ಗೋಲು ಹೊಡೆದ ಕೂಡಲೇ ಪ್ರೇಕ್ಷಕರೆಲ್ಲ ಎದ್ದು ನಿಂತು, ಚೀಲಗಟ್ಟಲೆ ತಂದಿದ್ದ ಗೊಂಬೆ ಕರಡಿಗಳನ್ನು ಐಸ್ ಮೇಲೆ ಎಸೆದರು. ಎಣಿಸಿದಾಗ ಅವು 1,02,343 ಆದವು. ಸುಮಾರು 10,500 ಆಸನಗಳ ಜೈಂಟ್ ಸೆಂಟರ್ ಕ್ರೀಡಾಂಗಣದಲ್ಲಿ ತಲೆಗೆ ಹತ್ತರಂತೆ ಬಿದ್ದ ಲೆಕ್ಕವದು, ವಿಶ್ವದಾಖಲೆ. ಅವೆಲ್ಲವೂ ಸುತ್ತಲಿನ ಸೇವಾಸಂಸ್ಥೆಗಳ ಮೂಲಕ ಮಕ್ಕಳ ಕೈ ಸೇರುತ್ತವೆ. ಎಲ್ಲವನ್ನೂ ನೋಡಿದ ಮೇಲೆ ಗೆಳೆಯರು ಕೇಳಿದ್ದು ಇಷ್ಟೇ: “ಇದು ಮೈನರ್ ಲೀಗ್ ಅಲ್ಲವೇನ್ರೀ?”

ಆಗ ಉತ್ತರಿಸಲಾಗಲಿಲ್ಲ. ಸಿಟ್ಟು ಬಂದಿತ್ತು, ಇನ್ನೂ ಇಳಿದಿಲ್ಲ.

ಪೆನ್ಸಿಲ್ವೇನಿಯಾದ ಹರ್ಷಿ ಸುಮಾರು 14,000 ಜನರ ಊರು, ಚಾಕೊಲೇಟ್ ಕಾರ್ಖಾನೆಯ ಸುತ್ತ ಬೆಳೆದದ್ದು. ಈ ತಂಡ 1938ರಿಂದಲೂ ಅಮೆರಿಕನ್ ಹಾಕಿ ಲೀಗ್‌ನಲ್ಲಿದೆ; ಅಗ್ರ ಲೀಗ್ ಆದ ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನದೆಂದು ಅದನ್ನು ‘ಮೈನರ್’ ಎನ್ನುತ್ತಾರೆ. ಬೇರೆ ತಂಡಗಳು ಊರು ಬದಲಿಸಿದವು, ಹೆಸರು ಬದಲಿಸಿದವು, ಮುಚ್ಚಿಹೋದವು, ಇದು ಮಾತ್ರ ಹರ್ಷಿಯನ್ನು ಬಿಟ್ಟು ಕದಲಲಿಲ್ಲ. ಲೀಗ್‌ನ ಕಾಲ್ಡರ್ ಕಪ್ಪನ್ನು 13 ಬಾರಿ ಗೆದ್ದಿದೆ. 2023ರ ಫೈನಲ್‌ನಲ್ಲಿ ಕೋಚೆಲ್ಲಾ ವ್ಯಾಲಿ ತಂಡದೆದುರು ಮೊದಲ ಎರಡು ಪಂದ್ಯಗಳನ್ನು ಸೋತು, ಏಳನೆಯ ಪಂದ್ಯದ ಓವರ್‌ಟೈಮ್‌ನಲ್ಲಿ ಮೈಕ್ ವೆಕಿಯೋನ್ ಹೊಡೆದ ಗೋಲಿನಿಂದ ಕಪ್ಪು ಹಿಡಿದ ರಾತ್ರಿ, ಮಲಗಿದ್ದ ಮಗಳನ್ನು ನಾನು ಎಬ್ಬಿಸಿಬಿಟ್ಟಿದ್ದೆ. ಮರುವರ್ಷ ಅದೇ ಎದುರಾಳಿಯನ್ನು ಮತ್ತೆ ಸೋಲಿಸಿದರು. ಇದರಲ್ಲಿ ಕಿರಿದಾದದ್ದು ಯಾವುದು?

ಎನ್‌ಎಚ್‌ಎಲ್‌ನ ಆಟ ಇದಕ್ಕಿಂತ ವೇಗದ್ದು, ನುರಿತದ್ದು ಎಂದು ಗೆಳೆಯರು ವಾದಿಸಿದರು. ನಿಜ, ಒಪ್ಪುತ್ತೇನೆ. ಹರ್ಷಿಗೆ ತನ್ನ ಆಟಗಾರರ ಮೇಲೆ ಹಿಡಿತವಿಲ್ಲ, 2005ರಿಂದ ಅದು ಎನ್‌ಎಚ್‌ಎಲ್ ತಂಡವಾದ ವಾಷಿಂಗ್ಟನ್ ಕ್ಯಾಪಿಟಲ್ಸ್‌ನ ಅಂಗತಂಡ, ಅಲ್ಲಿ ಯಾರಿಗಾದರೂ ಗಾಯವಾದರೆ ಇಲ್ಲಿನ ಒಳ್ಳೆಯ ಆಟಗಾರ ಅದೇ ಸಂಜೆ ಗಂಟುಮೂಟೆ ಕಟ್ಟಬೇಕು ಎಂದೂ ಹೇಳಿದರು. ಅದೂ ನಿಜ. ಆದರೆ ಇದರಿಂದ ಈ ಆಟಕ್ಕೆ ಬೆಲೆ ಕಡಿಮೆಯಾಗುವುದು ಹೇಗೆಂದು ನನಗೆ ಅರ್ಥವಾಗುವುದಿಲ್ಲ. ಜೇ ಬೀಗಲ್ ಅವರನ್ನು ನೋಡಿ. ಎನ್‌ಎಚ್‌ಎಲ್ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಆಟಗಾರ, ಇನ್ನೂ ಒಂದು ಮೆಟ್ಟಿಲು ಕೆಳಗಿನ ಇಸಿಎಚ್‌ಎಲ್‌ನಲ್ಲಿ 2007ರಲ್ಲಿ ಕೆಲ್ಲಿ ಕಪ್ ಗೆದ್ದು, ಹರ್ಷಿಗೆ ಬಂದು 2009 ಮತ್ತು 2010ರಲ್ಲಿ ಕಾಲ್ಡರ್ ಕಪ್ ಗೆದ್ದು, 2018ರಲ್ಲಿ ವಾಷಿಂಗ್ಟನ್ ಪರವಾಗಿ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಎತ್ತಿದರು. ಆ ದಿನ ಗೋಲು ಕಾಯುತ್ತಿದ್ದ ಬ್ರೇಡನ್ ಹೋಲ್ಟ್‌ಬಿಯೂ ಹರ್ಷಿಯಲ್ಲಿ ಪಳಗಿದವರೇ. ಎನ್‌ಎಚ್‌ಎಲ್ ಆಟಗಾರರಲ್ಲಿ ಹತ್ತಕ್ಕೆ ಹೆಚ್ಚುಕಡಿಮೆ ಒಂಬತ್ತು ಮಂದಿ ಈ ‘ಮೈನರ್’ ಲೀಗ್ ದಾಟಿಯೇ ಮೇಲೆ ಹೋದವರು.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ, ಇದುವರೆಗೆ ಇಲ್ಲಿ ಬರೆದಿರಲಿಲ್ಲ. ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ, ಆಫೀಸು ಬಿಟ್ಟರೆ ಯಾರೊಡನೆಯೂ ಮಾತಿಲ್ಲದೆ ವಾರಗಳು ಕಳೆಯುತ್ತಿದ್ದಾಗ, ಪಕ್ಕದ ಮನೆಯ ಹಿರಿಯರು ಬಾಗಿಲು ತಟ್ಟಿ, ಒಂದು ಟಿಕೆಟ್ ಹೆಚ್ಚಾಗಿದೆ, ಬರುತ್ತೀರಾ ಎಂದು ಕೇಳಿದ್ದರು. ಆಫ್‌ಸೈಡ್ ಎಂದರೇನೆಂದು ಕಾಗದದ ಮೇಲೆ ಗೆರೆ ಎಳೆದು ಕಲಿಸಿದರು. ತಮ್ಮ ಮೆಚ್ಚಿನ ಆಟಗಾರನಿಗೆ ವಾಷಿಂಗ್ಟನ್‌ನಿಂದ ಕರೆ ಬಂದ ದಿನ, ಮಗನಿಗೆ ಕೆಲಸ ಸಿಕ್ಕಿತೆಂಬಂತೆ ಬೀದಿಯಲ್ಲಿ ಎಲ್ಲರಿಗೂ ಹೇಳುತ್ತ ಓಡಾಡಿದರು. ಅವರು ತೀರಿಕೊಂಡು ಮೂರು ವರ್ಷವಾಯಿತು. ಅವರು ಕೂರುತ್ತಿದ್ದ ಸಾಲಿನಲ್ಲೇ ನಾನು ಎರಡು ಸೀಟು ಉಳಿಸಿಕೊಂಡಿದ್ದೇನೆ.

ಈ ಶನಿವಾರದ ಪಂದ್ಯಕ್ಕೆ ಮಗಳು ಬರುವಂತಿಲ್ಲ, ಪರೀಕ್ಷೆಯಿದೆ. ಅವಳ ಸೀಟಿಗೆ ಆ ಗೆಳೆಯರನ್ನೇ ಕರೆದಿದ್ದೇನೆ. ಅವರಿನ್ನೂ ಉತ್ತರಿಸಿಲ್ಲ.