ಇದರ ಹಿಂದೆ ಒಂದು ಕಥೆ ಇದೆ ಸಾರ್

ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಮೊನ್ನೆ ಹವ್ಯಾಸಿಗಳ ಫೋಟೋ ಪ್ರದರ್ಶನ ಇತ್ತು. ತರಕಾರಿ ತಂದು ಮನೆಗೆ ಹೊರಟಿದ್ದವನು ಸುಮ್ನೆ ಒಳಗೆ ಹೊಕ್ಕೆ. ಕೈಯಲ್ಲಿ ಚೀಲ, ಚೀಲದಲ್ಲಿ ದಂಟಿನ ಸೊಪ್ಪು. ಬಾಗಿಲ ಪಕ್ಕದಲ್ಲೇ ಒಂದು ಮಿಂಚುಳ್ಳಿಯ ಚಿತ್ರ. ನೀರಿನಿಂದ ಮೇಲಕ್ಕೆ ಏಳುತ್ತಿದೆ, ಕೊಕ್ಕಲ್ಲಿ ಮೀನು, ರೆಕ್ಕೆಯ ಅಂಚಿನಿಂದ ಹನಿಗಳು ಸಿಡಿಯುತ್ತಿವೆ. ಚೆನ್ನಾಗಿತ್ತು. ನೋಡಿದೆ, ಖುಷಿಯಾಯಿತು, ಮುಂದಿನ ಚಿತ್ರಕ್ಕೆ ಹೆಜ್ಜೆ ಎತ್ತಿದೆ. ಅಷ್ಟರಲ್ಲಿ ಒಬ್ಬರು ಬಂದು ನನ್ನ ಚೀಲದ ಹಿಡಿ ಹಿಡಿದುಕೊಂಡರು.

"ಇದರ ಹಿಂದೆ ಒಂದು ಕಥೆ ಇದೆ ಸಾರ್."

ಇದೆ ಅಂತ ನನಗೂ ಗೊತ್ತಾಗಿತ್ತು. ಚಿತ್ರದ ಕೆಳಗೆ ಅಂಟಿಸಿದ್ದ ಹಾಳೆ ಚಿತ್ರಕ್ಕಿಂತ ಉದ್ದ ಇತ್ತು. ಅದನ್ನು ಓದದೆ ಹೊರಟಿದ್ದೇ ತಪ್ಪಾಯಿತೇನೋ, ಈಗ ಬಾಯಲ್ಲಿ ಕೇಳಬೇಕಾಯಿತು. ಚಿತ್ರ ತೆಗೆಯಲು ಹಿಡಿದ ಹೊತ್ತು ಸೆಕೆಂಡಿನ 3200ರಲ್ಲಿ ಒಂದು ಭಾಗವಂತೆ. ಅದನ್ನು ಅವರೇ ಹೇಳಿದರು. ಕಥೆ ಮುಗಿಯುವ ಹೊತ್ತಿಗೆ ನನ್ನ ಸೊಪ್ಪು ಬಾಡಿತ್ತು.

ಈ ಕಥೆಗಳ ವಿಷಯದಲ್ಲಿ ನನಗೊಂದು ತಕರಾರಿದೆ. ಚಿತ್ರ ಬೇರೆ ಬೇರೆ, ಕಥೆ ಮಾತ್ರ ಒಂದೇ. ಬೆಳಗಿನ ಜಾವ 4 ಗಂಟೆಗೆ ಅಲಾರಾಂ. ಚಳಿ. ಸೊಳ್ಳೆ. ಗಂಟೆಗಟ್ಟಲೆ ಕಾಯುವಿಕೆ. ಜೊತೆಗೆ ಬಂದವರೆಲ್ಲ ಬೇಸತ್ತು ಹೊರಟುಹೋದರು. ಇನ್ನೇನು ತಾನೂ ಟ್ರೈಪಾಡ್ ಮಡಚಬೇಕು, ಆ ಕ್ಷಣದಲ್ಲಿ ಬಂತು ನೋಡಿ! ಹಕ್ಕಿ ಆಗಲಿ, ಹುಲಿ ಆಗಲಿ, ಹಂಪಿಯ ಮಾತಂಗ ಬೆಟ್ಟದ ಸೂರ್ಯೋದಯವೇ ಆಗಲಿ, ಎಲ್ಲವೂ ಮಡಚುವ ಹೊತ್ತಿಗೇ ಬರುತ್ತವೆ. ಸೂರ್ಯನ ಮಟ್ಟಿಗಂತೂ ಇದನ್ನು ನಂಬುವುದು ಕಷ್ಟ. ಅವನು ಬರುವ ಹೊತ್ತು ಪಂಚಾಂಗದಲ್ಲೇ ಇರುತ್ತದೆ, ಅಲ್ವಾ?

'ಆ ಒಂದು ಕ್ಷಣ' ಅನ್ನುತ್ತಾರಲ್ಲ, ಅದೂ ಅಷ್ಟೇ. ಈಗಿನ ಕ್ಯಾಮೆರಾಗಳು ಸೆಕೆಂಡಿಗೆ 20 ಚಿತ್ರ ಹೊಡೆಯುತ್ತವೆ, ಇನ್ನೂ ಜಾಸ್ತಿ ಹೊಡೆಯುವವೂ ಇವೆ. ಬೆರಳು ಒತ್ತಿ ಹಿಡಿದರೆ ಸಾಕು. ಆ ಒಂದು ಕ್ಷಣ ಸಿಕ್ಕಿದ್ದು ಹೊಳೆ ದಂಡೆಯಲ್ಲಲ್ಲ. ಮಾರನೇ ದಿನ ಮನೆಯಲ್ಲಿ ಲುಂಗಿ ಉಟ್ಟು, ಕಾಫಿ ಕುಡಿಯುತ್ತಾ, ಲ್ಯಾಪ್‌ಟಾಪ್ ಮುಂದೆ ಕೂತು ಉಳಿದವನ್ನೆಲ್ಲ ಅಳಿಸುವಾಗ. ಆ ಕಾಫಿಯ ಕಥೆ ಯಾರೂ ಹೇಳುವುದಿಲ್ಲ. ಮಿಂಚುಳ್ಳಿಗೆ ಅಂತಲೇ ತೊಟ್ಟಿಯಲ್ಲಿ ಮೀನು ಬಿಟ್ಟು, ಅದರ ಪಕ್ಕ ಕಡ್ಡಿ ನೆಟ್ಟು ಕಾಯುವವರು ಇದ್ದಾರೆ. ನಮ್ಮ ಬಡಾವಣೆಯವರು ಹಾಗೆ ಮಾಡಿದರು ಅಂತ ಹೇಳುತ್ತಿಲ್ಲ. ಅವರ ಹಾಳೆಯಲ್ಲಿ ಆ ಕಡ್ಡಿಯ ಬಗ್ಗೆ ಒಂದು ಮಾತೂ ಇರಲಿಲ್ಲ, ಅಷ್ಟೇ. ದಾಂಡೇಲಿ ಕಡೆ ಗಣೇಶಗುಡಿಯ ಹಳೇ ಮ್ಯಾಗಜಿನ್ ಹೌಸ್ ಅನ್ನುವ ತಂಗುದಾಣದಲ್ಲಿ ಹಕ್ಕಿಗಳಿಗೆ ನೀರು ಇಟ್ಟಿರುತ್ತಾರೆ. ಅವು ಸ್ನಾನಕ್ಕೆ ಬರುತ್ತವೆ. ಕೂತಲ್ಲೇ ಕೂತು ತೆಗೆಯಬಹುದು. ಅದ್ಭುತ ಜಾಗ, ಹೋಗಿ ಬನ್ನಿ. ಆದರೆ ಅಲ್ಲಿಂದ ಬಂದ ಚಿತ್ರದ ಕೆಳಗೆ 'ದಟ್ಟ ಕಾನನದ ನಡುವೆ ಎದುರಾದ ಅಪರೂಪದ ಅತಿಥಿ' ಅಂತ ಬರೆದಿದ್ದರೆ ನನಗೆ ಸಿಟ್ಟು ಬರುತ್ತದೆ. ಅತಿಥಿ ಯಾರು ಸ್ವಾಮಿ? ಹಕ್ಕಿಯೋ, ನೀವೋ?

ಅದಕ್ಕಿಂತ ಜಾಸ್ತಿ ಸಿಟ್ಟು ಬರುವುದು ಇನ್ನೊಂದಕ್ಕೆ. ರಂಗನತಿಟ್ಟಿಗೆ ಹೋದವರು ನೋಡಿರುತ್ತೀರಿ. ಸಲೀಂ ಅಲಿಯವರು ಮೈಸೂರಿನ ಅರಸರಿಗೆ ಹೇಳಿ 1940ರಲ್ಲಿ ಪಕ್ಷಿಧಾಮ ಮಾಡಿಸಿದ ಜಾಗ. ಅಲ್ಲಿ ದೋಣಿ ನಡೆಸುವವರು ಕಾವೇರಿಯ ಸೆಳವಿನಲ್ಲಿ ಹುಟ್ಟನ್ನು ನೀರಿಗೆ ಅಡ್ಡ ಕೊಟ್ಟು, ತೋಳಿನ ನರ ಬಿಗಿದು, ದೋಣಿ ಅಲುಗದ ಹಾಗೆ ಹಿಡಿದಿರುತ್ತಾರೆ. ಜೊತೆಗೆ ಬಾಯಲ್ಲಿ, 'ಪೇಂಟೆಡ್ ಸ್ಟಾರ್ಕ್ ಸಾರ್, ಓಪನ್ ಬಿಲ್ ಸಾರ್, ಆ ಬಂಡೆ ನೋಡಿ, ಮೊಸಳೆ ಬಾಯ್ ತೆಗಿತದೆ.' ಬಿಸಿಲು ಯಾವ ಕಡೆಯಿಂದ ಬಿದ್ದರೆ ಫೋಟೋ ಚೆನ್ನಾಗಿ ಬರುತ್ತದೆ ಅನ್ನುವುದೂ ಅವರಿಗೇ ಗೊತ್ತು. ಕಬಿನಿಯ ಜೀಪು ಓಡಿಸುವವರದೂ ಇದೇ ಕಥೆ. ಜಿಂಕೆ ಕೂಗಿದ್ದು ಕೇಳಿ, ಮುಸುವ ಯಾವ ಕಡೆ ತಿರುಗಿ ಬೈಯುತ್ತಿದೆ ನೋಡಿ, ಗಾಡಿಯನ್ನು ಕರೆಕ್ಟಾಗಿ ತಂದು ನಿಲ್ಲಿಸುತ್ತಾರೆ. ಹಾಳೆಯಲ್ಲಿ ಮಾತ್ರ 'ನಾನು ಕಾದೆ', 'ನನ್ನ ಒಳಮನಸ್ಸು ಹೇಳಿತು'. ಒಳಮನಸ್ಸಿಗೆ ಟಿಪ್ಸ್ ಎಷ್ಟು ಕೊಟ್ಟಿರಿ ಅಂತ ಕೇಳಬೇಕು ಅನ್ನಿಸುತ್ತದೆ.

ಚಿತ್ರ ಬರೆಯುವವರು ಈ ವಿಷಯದಲ್ಲಿ ಸ್ವಲ್ಪ ವಾಸಿ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋಗಿ ನೋಡಿ. ಪಾಪ, ಫುಟ್‌ಪಾತಿನ ಮೇಲೆ ತಮ್ಮ ಚಿತ್ರಗಳ ಪಕ್ಕ ಸುಮ್ಮನೆ ಕೂತಿರುತ್ತಾರೆ. ಅಲ್ಲಿ ಕಥೆ ಕೇಳುವವರು ನಾವೇ. "ಎಷ್ಟು ದಿನ ಹಿಡೀತು?" ಅನ್ನುವುದೇ ಎಲ್ಲರ ಮೊದಲ ಪ್ರಶ್ನೆ. ಎರಡು ದಿನ ಅಂದರೆ, "ಎರಡು ದಿನಕ್ಕೆ ಇಷ್ಟು ರೇಟಾ?" ಎರಡು ತಿಂಗಳು ಅಂದರೆ ತಲೆದೂಗಿ, ಚೌಕಾಸಿ ಮಾಡದೆ ಮುಂದೆ ಹೋಗುತ್ತಾರೆ. ಕೊಳ್ಳುವುದು ಮಾತ್ರ ಎರಡೂ ಕಡೆ ಇಲ್ಲ.

ಈ ಚಿತ್ರದ ಕಥೆಗಳ ಬಗ್ಗೆ ನನಗೆ ಇಷ್ಟೊಂದು ಅಲರ್ಜಿ ಯಾಕೆ ಬಂತು ಅಂದರೆ ನನ್ನ ಸೋದರಮಾವನಿಂದ. ಅರಸೀಕೆರೆಯ ಅವರ ಮನೆಯಲ್ಲಿ, ನಡುಮನೆಯ ಗೋಡೆಯ ಮೇಲೆ, ಕಟ್ಟು ಹಾಕಿದ ದೊಡ್ಡದೊಂದು ಫೋಟೋ ಇದೆ. ಜೋಗ ಜಲಪಾತದ್ದು. 1970ರ ದಶಕದಲ್ಲಿ ಮಾವ ತಮ್ಮ ಅಗ್ಫಾ ಕ್ಲಿಕ್ ತ್ರೀಯಲ್ಲಿ ತಾವೇ ತೆಗೆದದ್ದು. ಆ ಕ್ಯಾಮೆರಾ ಗೊತ್ತಲ್ಲ? ಒಂದು ರೋಲಿಗೆ ಹನ್ನೆರಡೇ ಚಿತ್ರ. ಬೆನ್ನಿನಲ್ಲಿ ಸಣ್ಣ ಕೆಂಪು ಕಿಟಕಿ, ಅದರಲ್ಲಿ ನಂಬರು ಕಾಣುವವರೆಗೂ ಗುಬುಟು ತಿರುಗಿಸಬೇಕು.

ಆ ಫೋಟೋದಲ್ಲಿ ಏನೂ ಇಲ್ಲ.

ಏನೂ ಇಲ್ಲ ಅಂದರೆ ನಿಜವಾಗಿಯೂ ಇಲ್ಲ. ಪೂರ್ತಿ ಬಿಳಿ. ಜೋಗದ ಮಳೆಗಾಲದ ಮಂಜು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಮೇಲೆ ಬಲಗಡೆ ಮೂಲೆಯಲ್ಲಿ ಮಾತ್ರ ಓರೆಯಾಗಿ ಒಂದು ಕಪ್ಪು ಗೆರೆ. ದೊಡ್ಡದು ಮಾಡಿಕೊಡಿ ಅಂದಾಗ ಸ್ಟುಡಿಯೋದವನು, "ಏನನ್ನ ದೊಡ್ಡದು ಮಾಡೋದು ಸಾರ್?" ಅಂದಿದ್ದನಂತೆ. ಮಾವ ಬಿಡಲಿಲ್ಲ. ಮನೆಗೆ ಬಂದ ನೆಂಟರನ್ನೆಲ್ಲ ಅದರ ಮುಂದೆ ನಿಲ್ಲಿಸಿ ತೋರಿಸುತ್ತಿದ್ದರು. "ಇಲ್ಲಿ ರಾಜ. ಇದು ರೋರರ್. ಇದರ ಪಕ್ಕ ರಾಕೆಟ್. ಇಗೋ, ಇಲ್ಲಿ ರಾಣಿ." ಒಂದೊಂದಕ್ಕೂ ಗಾಜಿನ ಮೇಲೆ ಬೆರಳು ಇಡುತ್ತಿದ್ದರು. ಊಟ ಆದಮೇಲೆ ತೋರಿಸುವುದು ರೂಢಿ, ಹಾಗಾಗಿ ತುಪ್ಪದ ಕೈ. ವರ್ಷಗಟ್ಟಲೆ ಹೀಗೆ ಇಟ್ಟು ಇಟ್ಟು ಗಾಜಿನ ಮೇಲೆ ನಾಲ್ಕು ಉದ್ದನೆಯ ಕಲೆ ಆದವು. ಆಮೇಲೆ ಬಂದ ನೆಂಟರು, "ಹೌದಲ್ಲ, ಕಾಣಿಸ್ತಿದೆ!" ಅನ್ನಲು ಶುರು ಮಾಡಿದರು.

ಕಥೆ ಹೀಗೆ. ಅರಸೀಕೆರೆಯಿಂದ ರೈಲು, ಬೀರೂರು, ಶಿವಮೊಗ್ಗ, ಆಮೇಲೆ ತಾಳಗುಪ್ಪ, ಅಲ್ಲಿಂದ ಬಸ್ಸು. ಜೋಗ ತಲುಪುವ ಹೊತ್ತಿಗೆ ಹನ್ನೆರಡರಲ್ಲಿ ಹನ್ನೊಂದು ಮುಗಿದು, ಒಂದೇ ಫಿಲ್ಮು ಉಳಿದಿತ್ತು. ಮಂಜು ಕವಿದಿತ್ತು. ಜನ ಕಾದು ಕಾದು ಬಸ್ಸು ಹತ್ತಿದರು. ಮಾವ ಒಬ್ಬರೇ ನಿಂತರು. ಇನ್ನೇನು ಕ್ಯಾಮೆರಾವನ್ನು ಚರ್ಮದ ಚೀಲಕ್ಕೆ ಹಾಕಬೇಕು, ಆಗ ಪರದೆ ಎತ್ತಿದ ಹಾಗೆ ಮಂಜು ಸರಿಯಿತು. ನಾಲ್ಕೂ ಕವಲು, 830 ಅಡಿ, ಮೇಲಿಂದ ಕೆಳಗಿನವರೆಗೆ! ಮಾವ ಕ್ಲಿಕ್ ಮಾಡಿದರು. ಮತ್ತೆ ಮುಚ್ಚಿತು.

ಇದು ಮೊದಲ ಆವೃತ್ತಿ. ನಾನು ಹೈಸ್ಕೂಲು ಸೇರುವ ಹೊತ್ತಿಗೆ ಇಂಬಳ ಬಂದು ಸೇರಿಕೊಂಡಿತು. ಕಾಲ ಮೇಲೆ ಇಂಬಳ ಹತ್ತಿ ರಕ್ತ ಹೀರುತ್ತಿದ್ದರೂ ಮಾವ ಅಲುಗಲಿಲ್ಲ. ಕಾಲೇಜಿಗೆ ಬರುವಷ್ಟರಲ್ಲಿ ಬೊಂಬಾಯಿಯ ಒಬ್ಬ ದೊಡ್ಡ ಫೋಟೋಗ್ರಾಫರ್ ಪಕ್ಕದಲ್ಲಿ ಬಂದು ನಿಂತ. ಕೊರಳಲ್ಲಿ ರೋಲಿಫ್ಲೆಕ್ಸ್. ಅವನು ಸಿಗರೇಟು ಹಚ್ಚಲು ಆ ಕಡೆ ತಿರುಗಿದಾಗ ಮಂಜು ಸರಿದದ್ದು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಆಮೇಲೆ ಜೋಗಕ್ಕೆ ಮೊದಲಿನ ನೀರು ಎಲ್ಲಿಂದ ಬರಬೇಕು ಅಂತ ಯಾರೋ ಒಬ್ಬ ಅಳಿಯ ಕೇಳಿಬಿಟ್ಟ. ಮುಂದಿನ ಹಬ್ಬಕ್ಕೆ ಉತ್ತರ ತಯಾರಿತ್ತು. ಅದೇ ದಿನ ಗೇಟು ತೆಗೆದಿದ್ದರಂತೆ.

ಅತ್ತೆ ಈ ಕಥೆಯಲ್ಲಿ ಎಲ್ಲೂ ಇಲ್ಲ. 'ಮಾವ ಒಬ್ಬರೇ ನಿಂತರು' ಅನ್ನುವಾಗೆಲ್ಲ ಅತ್ತೆ ಒಳಗೆ ಪಾತ್ರೆ ಜೋರಾಗಿ ಇಡುತ್ತಿದ್ದರು. ನನಗೆ ಅದು ಅರ್ಥವಾದದ್ದು ಬಹಳ ತಡವಾಗಿ. ಒಮ್ಮೆ ಮಾವ ಆ ಮೂಲೆಯ ಕಪ್ಪು ಗೆರೆಯನ್ನು ತೋರಿಸಿ, "ಇದು ಕಾಡುಮರದ ಕೊಂಬೆ, ಬೇಕಂತಲೇ ಸೇರಿಸಿದೆ, ಚಿತ್ರಕ್ಕೆ ಒಂದು ಆಳ ಬರಲಿ ಅಂತ" ಅಂದರು. ಅತ್ತೆ ಹೊರಗೆ ಬಂದು ಹೇಳಿದರು: "ಅದು ಕೊಡೆ ಕಡ್ಡಿ. ಕ್ಯಾಮೆರಾ ನೆನೀಬಾರ್ದು ಅಂತ ನಾನು ಹಿಡ್ಕೊಂಡು ನಿಂತಿದ್ದೆ. ನಾನು ಪೂರ್ತಿ ನೆಂದುಹೋದೆ."

ಯಾವಾಗ ತೆಗೆದದ್ದು ಅನ್ನುವುದರಲ್ಲೂ ಜಗಳ. ಮಾವ ಶ್ರಾವಣ ಅನ್ನುತ್ತಾರೆ. ಅತ್ತೆಯ ಲೆಕ್ಕ ಬೇರೆ. "ದೊಡ್ಡೋನು ಹುಟ್ಟಿದ್ದು ಯುಗಾದಿ ಹಿಂದಿನ ದಿನ. ಜೋಗಕ್ಕೆ ಹೋದಾಗ ನಂಗೆ ಮೂರು ತಿಂಗಳು, ತಾಳಗುಪ್ಪದವರೆಗೂ ವಾಂತಿ. ಪಕ್ಷದಲ್ಲಿ ಯಾರಾದ್ರೂ ಪ್ರಯಾಣ ಹೊರಡ್ತಾರಾ ಅಂತ ನಿಮ್ಮಮ್ಮ ಬೈದಿದ್ದರು. ಭಾದ್ರಪದ ಅದು." ಇದಕ್ಕೆ ಮಾವನ ಹತ್ತಿರ ಉತ್ತರ ಇರಲಿಲ್ಲ.

ಫೋಟೋ ಪ್ರಪಂಚದ ದೇವರು ಅಂತ ಹೆಸರಾದ ಅಮೆರಿಕದ ಆನ್ಸೆಲ್ ಆಡಮ್ಸ್‌ಗೂ ಇದೇ ಪಾಡು ಬಂದಿತ್ತು. ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಏಳುತ್ತಿರುವ ಅವರ ಚಿತ್ರ ಲೋಕಪ್ರಸಿದ್ಧ. ಅವರ ಕಥೆಯೂ ಹೆಚ್ಚುಕಮ್ಮಿ ಮಾವನದೇ. ಕಾರಿನಲ್ಲಿ ಹೋಗುತ್ತಿದ್ದರು, ನೋಡಿದರು, ಇಳಿದು ಓಡಿದರು. ಬೆಳಕು ಅಳೆಯುವ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಬೆಳಕು ಎಷ್ಟಿರುತ್ತದೆ ಅನ್ನುವ ಲೆಕ್ಕ ನೆನಪಿತ್ತು, ಅದರ ಮೇಲೆ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅಲ್ಲಿನ ಸಮಾಧಿಗಳ ಶಿಲುಬೆಗಳ ಮೇಲಿನ ಬಿಸಿಲು ಹೋಯಿತು. ಇಷ್ಟೆಲ್ಲ ನೆನಪಿಟ್ಟವರು ತಾರೀಕು ಮಾತ್ರ ಬರೆದಿಡಲಿಲ್ಲ. ಒಂದೊಂದು ಸಲ ಒಂದೊಂದು ವರ್ಷ ಹೇಳಿದರು. ಕೊನೆಗೆ ಖಗೋಳ ಬಲ್ಲವರು ಚಿತ್ರದಲ್ಲಿ ಚಂದ್ರ ಇರುವ ಜಾಗ ಹಿಡಿದು ಲೆಕ್ಕ ಹಾಕಬೇಕಾಯಿತು. ಮೊದಲು ಒಬ್ಬರು 1941ರ ಅಕ್ಟೋಬರ್ 31 ಅಂದರು. ಆಮೇಲೆ ಇನ್ನೊಬ್ಬರು ಅದನ್ನು ತಿದ್ದಿ ನವೆಂಬರ್ 1, ಸಂಜೆ 4.49 ಅಂದರು. ಇದಕ್ಕೆ ಅವರಿಗೆ ಕಂಪ್ಯೂಟರ್ ಬೇಕಾಯಿತು. ನಮ್ಮ ಅತ್ತೆ ಬೆರಳು ಮಡಚಿ ಹೇಳಿದರು. ಆದರೆ ಆಡಮ್ಸ್ ಫೋಟೋದಲ್ಲಿ ಚಂದ್ರನಾದರೂ ಇದ್ದ ಅನ್ನುವುದನ್ನು ಒಪ್ಪಿಕೊಳ್ಳಬೇಕು.

ಹೋದ ವರ್ಷ ಗಣೇಶನ ಹಬ್ಬಕ್ಕೆ ಅರಸೀಕೆರೆಗೆ ಹೋಗಿದ್ದೆ. ಮಾವನ ಮೊಮ್ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ತಾತನಿಗೆ ಸರ್‌ಪ್ರೈಸ್ ಕೊಡಬೇಕು ಅಂತ ಆ ಫೋಟೋವನ್ನು ಸ್ಕ್ಯಾನ್ ಮಾಡಿ, ಎಐಗೆ ಹಾಕಿ, 'ಸರಿ ಮಾಡಿಸಿ' ಕಟ್ಟು ಹಾಕಿಸಿಕೊಂಡು ಬಂದಿದ್ದ. ಕಾಗದ ಬಿಚ್ಚಿದ. ಎಲ್ಲರೂ ಓಹೋ ಅಂದರು. ಮಂಜೆಲ್ಲ ಮಾಯ. ನೀಲಿ ಆಕಾಶ, ಹಸಿರು ಬಂಡೆ, ಭೋರ್ಗರೆಯುವ ನೀರು, ಒಂದು ಕಾಮನಬಿಲ್ಲು ಬೇರೆ. ಮೂಲೆಯ ಕಪ್ಪು ಗೆರೆ ಎಲೆ ತುಂಬಿದ ಕೊಂಬೆ ಆಗಿತ್ತು, ಅದರ ಮೇಲೆ ಒಂದು ಹಕ್ಕಿ.

ಅತ್ತೆ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. "ಕೊಡೆ ಎಲ್ಲಿ ಹೋಯ್ತು?" ಅಂದರು. ಯಾರಿಗೂ ಕೇಳಿಸಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ಚಿಕ್ಕ ಹುಡುಗಿಯೊಬ್ಬಳು ಗಾಜಿನ ಮೇಲೆ ಬೆರಳಿಟ್ಟು ಎಣಿಸುತ್ತಿದ್ದಳು. ರಾಜ, ರೋರರ್, ರಾಕೆಟ್, ರಾಣಿ. ಆಮೇಲೆ ಇನ್ನೂ ಒಂದು ಉಳಿಯಿತು. ಮತ್ತೆ ಎಣಿಸಿದಳು. ಐದೇ. ಮೊಮ್ಮಗನ ಮುಖ ಸಣ್ಣಗಾಯಿತು. ಎಲ್ಲರೂ ಮಾವನ ಕಡೆ ತಿರುಗಿದೆವು.

ಮಾವ ಕುರ್ಚಿಯಿಂದ ಏಳಲಿಲ್ಲ. ಐದನೆಯದನ್ನು ಒಂದು ಗಳಿಗೆ ನೋಡಿ ಹೇಳಿದರು: "ಆವತ್ತು ನೀರು ಜಾಸ್ತಿ ಇತ್ತು."